ಸಾತಪುರದ ಟರ್ನರನೂ ಪೇಠದ ನೆರೆಯವರೂ

ನಾಸಿಕ ನಗರದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಸಾತಪುರವೆಂಬ ಕೈಗಾರಿಕಾ ವಸಾಹತು ಇದೆ. ಮೋಟಾರು ವಾಹನಗಳ ಬಿಡಿಭಾಗಗಳನ್ನೂ ವಿದ್ಯುತ್ ಉಪಕರಣಗಳನ್ನೂ ತಯಾರಿಸುವ ಕಾರ್ಖಾನೆಗಳೂ, ಅವುಗಳನ್ನೇ ನೆಚ್ಚಿ ಎರಡು ಮೂರು ಲೇಥು ಯಂತ್ರಗಳನ್ನಿಟ್ಟುಕೊಂಡು ದಿನ ನೂಕುವ ಸಣ್ಣ ಸಣ್ಣ ಶೆಡ್ಡುಗಳೂ ಅಲ್ಲಿ ಒತ್ತಾಗಿ ನಿಂತಿವೆ. ಕವಿರಾಜಮಾರ್ಗಕಾರನು ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೆಸರಿಸಿದ ಗೋದಾವರಿಯು ಹರಿಯುವ ನಗರವಿದಾದುದರಿಂದ, ಹೊಟ್ಟೆಪಾಡಿಗಾಗಿ ಇತ್ತ ಬಂದ ಕನ್ನಡಿಗನು ತೀರ ಪರನಾಡಿಗೆ ಬಂದನೆಂದು ಹೇಳುವುದಕ್ಕೆ ನನ್ನ ಮನಸ್ಸು ಒಪ್ಪದು. ಆದರೂ ಇಲ್ಲಿಯ ಆಸ್ಪತ್ರೆಯಲ್ಲಿ ಅವನ ಮಾತು ನಡೆಯುವುದಿಲ್ಲವೆಂಬುದೂ ಅಷ್ಟೇ ಸತ್ಯ.

ವಿಜಯಪುರ ಜಿಲ್ಲೆಯ ಇಂಡಿಯ ಕಡೆಯಿಂದ ಬಂದು ಸಾತಪುರದ ಒಂದು ಶೆಡ್ಡಿನಲ್ಲಿ ಟರ್ನರನಾಗಿರುವ ಮೂವತ್ತರ ಆಸುಪಾಸಿನ ಒಬ್ಬಾತನನ್ನು ನಾವು ಭಾವಿಸಿಕೊಳ್ಳೋಣ. ವ್ಯಕ್ತಿ ಕಲ್ಪಿತನಾದರೂ ಅವನಿಗೆ ಒದಗಿದ ಸಂಕಟವು ಕಲ್ಪಿತವಲ್ಲ. ಇಂಥವರು ಪ್ರತಿಯೊಂದು ಕೈಗಾರಿಕಾ ಊರಿನಲ್ಲಿಯೂ ಇದ್ದಾರೆ. ಸಂಗಡಿಗರು ಮರೆಯಲ್ಲಿ ತನ್ನನ್ನೇ ಕುರಿತು ಮಾತನಾಡಿಕೊಳ್ಳುತ್ತಿದ್ದಾರೆಂಬ ಸಂಶಯದಿಂದ ಮೊದಲಾಗಿ, ಯಾರೂ ಇಲ್ಲದ ಕೋಣೆಯಲ್ಲಿಯೂ ಬೈಗುಳದ ದನಿಗಳು ಕೇಳುವ ಸ್ಥಿತಿಗೆ ಬಂದು, ನಿದ್ರೆಯನ್ನೂ ಊಟವನ್ನೂ ಅವನು ಬಿಟ್ಟಾಗ, ಕೊನೆಗೆ ಹೆಂಡತಿಯೂ ಶೆಡ್ಡಿನ ಮಾಲೀಕನೂ ಸೇರಿ ಅವನನ್ನು ಮನೋವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ವೈದ್ಯರು ಸಜ್ಜನರು; ಕೊಟ್ಟ ಔಷಧವೂ ಯೋಗ್ಯವಾದುದೇ. ಕೆಲವು ವಾರಗಳಲ್ಲಿ ದನಿಗಳು ಅಡಗುತ್ತವೆ, ಸಂಶಯವು ತಿಳಿಯಾಗುತ್ತದೆ, ‘ಸುಧಾರಿಸಿದೆ’ ಎಂಬ ಒಕ್ಕಣೆ ಕಾಗದದ ಮೇಲೆ ಬೀಳುತ್ತದೆ. ಆದರೆ ಮಾತ್ರೆಯ ಮಂಪರಿನಿಂದ ಬೆಳಗಿನ ಏಳು ಗಂಟೆಯ ಪಾಳಿಗೆ ಅವನು ಏಳಲಾರ. ಎದ್ದು ಹೋದರೂ ಮೈಕ್ರೋಮೀಟರನ್ನು ಹಿಡಿದ ಬೆರಳುಗಳು ನಿಲ್ಲುವುದಿಲ್ಲ. ಕೂದಲೆಳೆಗಿಂತಲೂ ಸೂಕ್ಷ್ಮವಾದ ಅಳತೆಯಲ್ಲಿ ಉಕ್ಕನ್ನು ತಿರುವಿ ಕೊಡಬೇಕಾದವನಿಗೆ ಕೈಯ ನಡುಕವೆಂದರೆ ಅನ್ನವೇ ಹೋದಂತೆ. ತಾವಿರುವ ಚಾಳಿನಲ್ಲಿಯೇ ಇರುವ ತನ್ನ ಕಡೆಯ ಹಿರಿಯರೊಬ್ಬರ ಮುಂದೆ ಅವನ ಹೆಂಡತಿ ಹೇಳಿಕೊಳ್ಳುವುದು ಇಷ್ಟೇ: “ದನಿ ನಿಂತಾವ್ರಿ ಅಣ್ಣಾರ, ಖರೆ. ಆದ್ರ ಕೈ ನಡಗತಾವ. ನಡಗೂ ಕೈಗೆ ಮಷೀನು ಯಾರು ಕೊಡ್ತಾರ್ರಿ?”

ಈ ಪ್ರಶ್ನೆಯನ್ನು ಅವಳು ವೈದ್ಯರ ಮುಂದೆ ಕೇಳಿಲ್ಲ. ಅವಳಿಗೆ ಮರಾಠಿ ಸಾಲದು. ಹೊರಗೆ ಸಾಲು ಉದ್ದವಾಗಿದೆ. ಅದಕ್ಕಿಂತ ಹೆಚ್ಚಾಗಿ, ಒಳಗೆ ಕೇಳಲಾದ ಪ್ರಶ್ನೆಗಳು ದನಿಗಳನ್ನು ಕುರಿತವೇ ಹೊರತು ಕೈಗಳನ್ನು ಕುರಿತವಲ್ಲ. ಆದುದರಿಂದ ಆ ಟರ್ನರನು ಯಾರಿಗೂ ಹೇಳದೆ ಮಾತ್ರೆಯನ್ನು ಬಿಡುತ್ತಾನೆ. ತಿಂಗಳೆರಡು ತಿಂಗಳು ಕೈ ನೆಟ್ಟಗಿದ್ದು ಕೆಲಸ ಸಾಗುತ್ತದೆ. ಆಮೇಲೆ ದನಿಗಳು ಮರಳಿ ಬರುತ್ತವೆ. ಆಗ ಅದೇ ಕಾಗದದ ಮೇಲೆ ‘ಔಷಧವನ್ನು ಕ್ರಮವಾಗಿ ತೆಗೆದುಕೊಂಡಿಲ್ಲ’ ಎಂದು ಬರೆಯಲಾಗುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಆ ಮನುಷ್ಯನ ವಿಷಯದಲ್ಲಿ ತಿಳಿಯಬೇಕಾಗಿದ್ದ ಮುಖ್ಯ ಸಂಗತಿಯು ಅದರಲ್ಲಿ ಇಲ್ಲ.

ವ್ಯಕ್ತಿಯನ್ನು ಕೇಂದ್ರದಲ್ಲಿರಿಸಿ ಅವನ ಚೇತರಿಕೆಯನ್ನು ಗುರಿಯಾಗಿಸಿಕೊಂಡ ಮಾನಸಿಕ ಆರೈಕೆಯೆಂದು ಈಚಿನ ದಶಕಗಳಲ್ಲಿ ಜಗತ್ತಿನಾದ್ಯಂತ ಪ್ರಸಿದ್ಧವಾಗಿರುವ ಪದ್ಧತಿಯು ಹುಟ್ಟುವುದು ಇಲ್ಲಿಯೇ. ರೋಗದ ಲಕ್ಷಣಗಳು ಎಷ್ಟು ಇಳಿದವೆಂಬುದರ ಜೊತೆಗೆ, ಈತನು ತಾನು ಬಾಳಬಯಸುವ ಬಾಳಿಗೆ ಎಷ್ಟು ಮರಳಿದನೆಂಬುದನ್ನೂ ಅಳೆಯಬೇಕು; ಆ ಬಾಳು ಯಾವುದೆಂಬುದನ್ನು ಹೇಳುವ ಅಧಿಕಾರವು ಅವನದೇ ಆಗಿರಬೇಕು. ಇಂಥ ವೈದ್ಯರು ನಮ್ಮ ಟರ್ನರನನ್ನು ಮೊದಲ ದಿನವೇ ‘ನೀವು ಏನು ಕೆಲಸ ಮಾಡುತ್ತೀರಿ, ಪಾಳಿ ಎಷ್ಟು ಗಂಟೆಗೆ’ ಎಂದು ಕೇಳುತ್ತಾರೆ. ಆ ಉತ್ತರದಿಂದ ಚಿಕಿತ್ಸೆಯೇ ಬದಲಾಗುತ್ತದೆ: ನಡುಕವನ್ನು ಕಡಿಮೆ ತರುವ ಬೇರೆ ಔಷಧವನ್ನು ಆರಿಸಬಹುದು, ಪ್ರಮಾಣವನ್ನು ತಗ್ಗಿಸಿ ನೋಡಬಹುದು, ರಾತ್ರಿ ಹತ್ತಕ್ಕೆ ನುಂಗುವ ಮಾತ್ರೆಯನ್ನು ಸಂಜೆ ಏಳಕ್ಕೆ ತರಬಹುದು, ಕೆಲಕಾಲ ಎರಡನೆಯ ಪಾಳಿಯನ್ನೇ ಕೊಡುವಂತೆ ಮಾಲೀಕನೊಡನೆ ಮಾತನಾಡಬಹುದು. ಇದರಲ್ಲಿ ಯಾವುದೂ ವೈದ್ಯಶಾಸ್ತ್ರಕ್ಕೆ ವಿರೋಧವಲ್ಲ. ಔಷಧವನ್ನೇ ಹಳಿಯುವುದು ಈ ಪದ್ಧತಿಯ ಉದ್ದೇಶವೆಂದು ಕೆಲವರು ತಿಳಿದಿರುವುದು ತಪ್ಪು. ತೀವ್ರವಾದ ಮನೋರೋಗದಲ್ಲಿ ಔಷಧವು ಪ್ರಾಣವನ್ನೇ ಉಳಿಸುತ್ತದೆ. ಔಷಧವು ಯಾರ ಬದುಕಿಗಾಗಿ ಕೊಡಲ್ಪಡುತ್ತಿದೆಯೋ ಆ ಬದುಕನ್ನು ಕಣ್ಣ ಮುಂದಿರಿಸಿಕೊಳ್ಳಬೇಕೆಂಬುದಷ್ಟೇ ಇಲ್ಲಿಯ ವಾದ.

ಈ ವಾದವನ್ನು ಬಲವಾಗಿ ಮಂಡಿಸಿದವರು ಮೊದಲು ಸ್ವತಃ ಬೇನೆಯನ್ನುಂಡವರೇ ಎಂಬುದು ಗಮನಾರ್ಹ. ಹದಿಹರೆಯದಲ್ಲಿಯೇ ಸ್ಕಿಜೋಫ್ರೇನಿಯಾ ಎಂಬ ನಿರ್ಣಯಕ್ಕೆ ಒಳಗಾಗಿ ಅನಂತರ ಮನೋವಿಜ್ಞಾನಿಯಾದ ಅಮೆರಿಕದ ಪೆಟ್ರೀಷಿಯಾ ಡೀಗನ್ 1988ರಲ್ಲಿ ತಮ್ಮ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಚೇತರಿಕೆಯನ್ನು ಕುರಿತು ಬರೆದರು. ವಿಲಿಯಂ ಆಂಥೊನಿ 1993ರಲ್ಲಿ ಅದನ್ನು ಇಡೀ ಮಾನಸಿಕ ಆರೋಗ್ಯ ವ್ಯವಸ್ಥೆಯ ಮಾರ್ಗದರ್ಶಕ ತತ್ತ್ವವಾಗಬೇಕೆಂದು ಪ್ರತಿಪಾದಿಸಿದರು. ಇದಕ್ಕೆ ಪ್ರಮಾಣವೂ ದೊರೆಯಿತು. ವರ್ಮಾಂಟ್ ಪ್ರಾಂತದ ಸರ್ಕಾರಿ ಆಸ್ಪತ್ರೆಯ ಹಿಂಬದಿಯ ವಾರ್ಡುಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದು, ಇನ್ನು ಗುಣವಾಗರೆಂದು ಎಣಿಸಲ್ಪಟ್ಟಿದ್ದ ರೋಗಿಗಳನ್ನು 1950ರ ದಶಕದಲ್ಲಿ ಕ್ರಮವಾದ ಪುನರ್ವಸತಿಯೊಡನೆ ಊರಿಗೆ ಕಳುಹಿಸಲಾಗಿತ್ತು. ಇಪ್ಪತ್ತರಿಂದ ಇಪ್ಪತ್ತೈದು ವರ್ಷಗಳ ತರುವಾಯ ಕೋರ್ಟ್ನಿ ಹಾರ್ಡಿಂಗರೂ ಸಂಗಡಿಗರೂ ಅವರನ್ನು ಹುಡುಕಿಕೊಂಡು ಹೋಗಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಜನರು ಬಹಳ ಮಟ್ಟಿಗೆ ಸುಧಾರಿಸಿದ್ದರು ಅಥವಾ ಪೂರ್ಣವಾಗಿ ಚೇತರಿಸಿಕೊಂಡಿದ್ದರು. 1987ರಲ್ಲಿ ಪ್ರಕಟವಾದ ಈ ಅಧ್ಯಯನವು, ಸ್ಕಿಜೋಫ್ರೇನಿಯಾ ಎಂದೊಡನೆ ಬಾಳು ಮುಗಿಯಿತೆನ್ನುವ ಹಳೆಯ ನಂಬಿಕೆಯನ್ನು ಅಲುಗಾಡಿಸಿತು.

ಸಾತಪುರದ ಸಂಸಾರವೊಂದಕ್ಕೆ ಈ ದೂರದ ಪ್ರಮಾಣಗಳಿಗಿಂತ ಹತ್ತಿರದ ಪ್ರಮಾಣವೊಂದುಂಟು. ನಾನು ಈ ಲೇಖನಕ್ಕೆ ತೊಡಗಿದುದೇ ಅದನ್ನು ಕನ್ನಡಿಗರಿಗೆ ತಿಳಿಸಬೇಕೆಂಬ ಆಸೆಯಿಂದ. ನಾಸಿಕದಿಂದ ವಾಯವ್ಯಕ್ಕೆ ಸುಮಾರು ಐವತ್ತು ಕಿಲೋಮೀಟರು ಹೋದರೆ ಗುಜರಾತಿನ ಗಡಿಗೆ ತಾಗಿದಂತೆ ಪೇಠ ತಾಲ್ಲೂಕು ಸಿಗುತ್ತದೆ. ಗುಡ್ಡಗಾಡಿನ ಸೀಮೆ, ಬಹುಸಂಖ್ಯಾತರು ಆದಿವಾಸಿಗಳು. ನಾಲ್ಕು ತಿಂಗಳು ಬಿಡದೆ ಹೊಯ್ಯುವ ಮಳೆಯಲ್ಲಿ ಇಳಿಜಾರಿನ ಹೊಲಗಳಲ್ಲಿ ಭತ್ತವನ್ನೂ, ಅವರು ನಾಗಲಿಯೆನ್ನುವ ನಮ್ಮ ರಾಗಿಯನ್ನೂ ಬೆಳೆದುಕೊಂಡು, ಸುಗ್ಗಿ ಮುಗಿಯಿತೆಂದರೆ ದಿಂಡೋರಿ ನಿಫಾಡಗಳ ದ್ರಾಕ್ಷಿ ತೋಟಗಳಿಗೂ ನಾಸಿಕದ ಕಟ್ಟಡದ ಕೆಲಸಕ್ಕೂ ಇಳಿದು ಬರುವ ಜನ. ಮನಸ್ಸಿಗೆ ಬೇನೆಯಾದರೆ ಅವರಿಗೆ ಮೊದಲು ನೆನಪಾಗುವವನು ಭಗತನೆಂಬ ಊರಿನ ಮಂತ್ರವೈದ್ಯ; ಮನೋವೈದ್ಯರೆಂದರೆ ಒಂದು ದಿನದ ಕೂಲಿಯನ್ನು ಕಳೆದುಕೊಂಡು, ಬಸ್ಸಿಗೆ ಹಣ ತೆತ್ತು, ಗೊತ್ತಿಲ್ಲದ ನಗರಕ್ಕೆ ಹೋಗಿ ಕಾಣಬೇಕಾದವರು.

ಈ ತಾಲ್ಲೂಕಿನ 41 ಹಳ್ಳಿಗಳಲ್ಲಿ 2013ರಿಂದ 2015ರ ವರೆಗೆ, ಪುಣೆಯ ಇಂಡಿಯನ್ ಲಾ ಸೊಸೈಟಿಯ ಆಶ್ರಯದಲ್ಲಿರುವ ಮಾನಸಿಕ ಆರೋಗ್ಯ ಕಾನೂನು ಮತ್ತು ನೀತಿ ಕೇಂದ್ರವು ‘ಆತ್ಮೀಯತಾ’ ಎಂಬ ಕಾರ್ಯವನ್ನು ನಡೆಸಿತು. ಮನೋವೈದ್ಯರಾದ ಸೌಮಿತ್ರ ಪಠಾರೆ ಮತ್ತು ಕೌಸ್ತುಭ ಜೋಗ್ ಇದನ್ನು ರೂಪಿಸಿದವರಲ್ಲಿ ಪ್ರಮುಖರು. ಹೊರಗಿನಿಂದ ತಜ್ಞರನ್ನು ತಂದು ಕೂರಿಸುವುದಕ್ಕೆ ಬದಲಾಗಿ, ಊರಿನ ಸ್ವಸಹಾಯ ಸಂಘದ ಹೆಂಗಸರಿಂದಲೂ ರೈತಮಂಡಳಿಯ ಗಂಡಸರಿಂದಲೂ ಇಬ್ಬಗೆಯ ಸ್ವಯಂಸೇವಕರನ್ನು ಅವರು ಆರಿಸಿಕೊಂಡರು. ಒಂದು ಬಗೆಯವರು ಮಿತ್ರರು: ತಮ್ಮ ಓಣಿಯಲ್ಲಿ ಯಾರು ಮಂಕಾಗಿದ್ದಾರೆ, ಯಾರು ಸಂಘದ ಸಭೆಗೆ ಬರುವುದನ್ನು ಬಿಟ್ಟಿದ್ದಾರೆ ಎಂಬುದನ್ನು ಕಂಡು ಹೇಳತಕ್ಕವರು. ಇನ್ನೊಂದು ಬಗೆಯವರನ್ನು ಚಾಂಪಿಯನ್ನರೆಂದು ಕರೆದರು: ಊರಿನವರ ವಿಶ್ವಾಸಕ್ಕೆ ಪಾತ್ರರಾಗಿ, ತರಬೇತಿಯನ್ನು ಹೊಂದಿ, ಬೇನೆಗೊಂಡವರೊಡನೆ ನಾಲ್ಕರಿಂದ ಆರು ಸಲ ಕುಳಿತು ಮಾತನಾಡತಕ್ಕವರು.

ಆ ಕುಳಿತು ಮಾತನಾಡುವುದರಲ್ಲಿ ಏನಿದೆಯೆಂದು ವಿವರಿಸುವುದು ಅವಶ್ಯ. ಏಕೆಂದರೆ ಸಾಂತ್ವನ ಹೇಳುವುದು, ಬುದ್ಧಿವಾದ ಹೇಳುವುದು, ‘ದೇವರಿದ್ದಾನೆ, ಧೈರ್ಯವಾಗಿರು’ ಎನ್ನುವುದು ನಮ್ಮೆಲ್ಲರಿಗೂ ಬರುತ್ತದೆ, ಅದಕ್ಕೆ ತರಬೇತಿ ಬೇಡ. ಚಾಂಪಿಯನ್ನರಿಗೆ ಕಲಿಸಿದ್ದು ಮೊದಲನೆಯದಾಗಿ ಕೇಳುವುದನ್ನು: ನಡುವೆ ಬಾಯಿ ಹಾಕದೆ, ತೀರ್ಪು ಕೊಡದೆ, ಹೇಳಿದ್ದನ್ನು ನೆರೆಮನೆಗೆ ಸಾಗಿಸದೆ ಕೇಳುವುದನ್ನು. ಎರಡನೆಯದಾಗಿ, ಖಿನ್ನತೆಯಿಂದ ಮೂಲೆ ಹಿಡಿದವರನ್ನು ಮೆಲ್ಲಗೆ ಕೆಲಸಕ್ಕೆಳೆಯುವುದನ್ನು. ಮೊದಲು ಸಂತೋಷ ಕೊಡುತ್ತಿದ್ದ ಯಾವುದಾದರೊಂದು ಚಿಕ್ಕ ಕೆಲಸ, ಬಾವಿಕಟ್ಟೆಗೆ ಹೋಗಿ ಬರುವುದಾಗಲಿ ಆಡು ಮೇಯಿಸುವುದಾಗಲಿ ಭಜನೆಗೆ ಕೂರುವುದಾಗಲಿ, ಅದನ್ನು ಆ ವ್ಯಕ್ತಿಯೇ ಆರಿಸಿ ದಿನಕ್ಕಿಷ್ಟೆಂದು ಗೊತ್ತುಮಾಡಿಕೊಳ್ಳುವಂತೆ ಮಾಡುವುದು. ಮನಸ್ಸು ಎದ್ದಮೇಲೆ ಕೆಲಸವಲ್ಲ, ಕೆಲಸ ಹಿಡಿದಮೇಲೆ ಮನಸ್ಸು ಏಳುತ್ತದೆಂಬುದು ಇದರ ಹಿಂದಿನ ಪರೀಕ್ಷಿತವಾದ ತತ್ತ್ವ. ಮೂರನೆಯದಾಗಿ, ಕಗ್ಗಂಟಾದ ಸಮಸ್ಯೆಯನ್ನು ಬಿಡಿಬಿಡಿಯಾಗಿ ಹರಡಿ, ಇಂದು ಯಾವುದಕ್ಕೆ ಕೈ ಹಾಕಬಹುದೆಂದು ಅವರೊಡನೆಯೇ ಕೂಡಿ ಯೋಚಿಸುವುದು. ಇದಲ್ಲದೆ ಚಾಂಪಿಯನ್ನರ ಕೈಯಲ್ಲಿ ಒಂದು ಸ್ಮಾರ್ಟ್‌ಫೋನು. ಅದರಲ್ಲಿ ಹತ್ತು ನಿಮಿಷದಷ್ಟು ಉದ್ದದ ಕೆಲವು ಕಥಾಚಿತ್ರಗಳು. ಕುಡಿತ, ಮನೆಯೊಳಗಣ ಹೊಡೆತ, ನಿರುದ್ಯೋಗ ಇಂಥವುಗಳನ್ನು ಕುರಿತ ಆ ಚಿತ್ರಗಳನ್ನು ಮೂರು ನಾಲ್ಕು ಜನ ಜಗಲಿಯ ಮೇಲೆ ಕುಳಿತು ನೋಡುವಾಗ, ತನ್ನ ಮನೆಯದನ್ನು ನೇರವಾಗಿ ಹೇಳಲಾರದ ಹೆಂಗಸು ‘ಆ ಚಿತ್ರದಲ್ಲಿಯ ಅವಳ ಹಾಗೆ’ ಎಂದು ಮಾತು ತೆಗೆಯಬಹುದು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಇಷ್ಟು ಮೆಚ್ಚುತ್ತಿರಲಿಲ್ಲ. ಚಾಂಪಿಯನ್ನರ ಕೆಲಸದಲ್ಲಿ ನಾಲ್ಕನೆಯದೊಂದು ಭಾಗವಿತ್ತು. ಅದು ಸರ್ಕಾರದಿಂದ ಬರತಕ್ಕ ಸೌಲಭ್ಯಗಳನ್ನು ಬರುವಂತೆ ಮಾಡುವುದು. ವಿಧವೆಗೆ ಪಿಂಚಣಿ ಬಂದಿಲ್ಲ, ಪಡಿತರ ಚೀಟಿಯಲ್ಲಿ ಹೆಸರಿಲ್ಲ, ಉದ್ಯೋಗ ಖಾತರಿಯ ಕೂಲಿ ತಡೆದಿದೆ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಹೇಗೆ ಅರ್ಜಿ ಹಾಕಬೇಕೋ ತಿಳಿಯದು. ಇವು ಮನೋವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಔಷಧವೆಂದು ಬರೆದವಲ್ಲವಾದರೂ, ನಿದ್ರೆ ಕೆಡಿಸುವ ಶಕ್ತಿ ಇವಕ್ಕಿದೆ, ಇವು ಬಗೆಹರಿದರೆ ನಿದ್ರೆ ತರುವ ಶಕ್ತಿಯೂ ಇದೆ. ಹಸಿದವನ ದುಃಖಕ್ಕೆ ಕೇವಲ ಮಾತನ್ನು ಕೊಡುವುದು ಅವನನ್ನು ಅವಮಾನಿಸಿದಂತೆಯೇ ಸರಿ. ತಮ್ಮಿಂದ ಆಗದಂಥ ತೀವ್ರ ರೋಗಿಗಳನ್ನೂ, ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿರುವವರನ್ನೂ ಚಾಂಪಿಯನ್ನರು ಸರ್ಕಾರಿ ವೈದ್ಯರಲ್ಲಿಗೆ ಕಳುಹಿಸತಕ್ಕದ್ದೆಂಬ ಕಟ್ಟುನಿಟ್ಟೂ ಇತ್ತು.

ಪೇಠದಲ್ಲಿ ಮೊಳೆತ ಈ ಪ್ರಯತ್ನವನ್ನು 2017ರಿಂದ ಗುಜರಾತಿನ ಮಹೆಸಾಣಾ ಜಿಲ್ಲೆಗೆ ವಿಸ್ತರಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರ ಜೂನ್ ತಿಂಗಳಿನಲ್ಲಿ, ವ್ಯಕ್ತಿಕೇಂದ್ರಿತವೂ ಮಾನವ ಹಕ್ಕುಗಳಿಗೆ ಅನುಗುಣವೂ ಆದ ಮಾನಸಿಕ ಆರೋಗ್ಯ ಸೇವೆಗಳನ್ನು ಜಗತ್ತಿನ ನಾನಾ ಕಡೆಗಳಿಂದ ಆಯ್ದು ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಜಿಂಬಾಬ್ವೆಯಲ್ಲಿ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕುಳಿತು ದುಃಖಿಗಳ ಮಾತನ್ನು ಕೇಳುವ ಅಜ್ಜಿಯರ ಸಾಲಿನಲ್ಲಿಯೇ ಆತ್ಮೀಯತಾಕ್ಕೂ ಸ್ಥಾನ ದೊರೆಯಿತು.

ಇನ್ನು ನಮ್ಮ ಕನ್ನಡನಾಡಿನ ಮಾತು. ಹಳ್ಳಿಗೆ ಮನೋಚಿಕಿತ್ಸೆಯನ್ನು ಒಯ್ಯುವ ಕಾರ್ಯದಲ್ಲಿ ನಾವು ಹಿಂದೆ ಬಿದ್ದವರಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿಯೇ ಸಕಲವಾರದಲ್ಲಿ ಗ್ರಾಮೀಣ ಘಟಕವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವುದನ್ನು ಕಲಿಸುವ ಕ್ರಮವನ್ನು ರೂಪಿಸಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಪ್ರಯೋಗಿಸಲಾಯಿತು. ಬಳ್ಳಾರಿ ಮಾದರಿಯೆಂದು ಹೆಸರಾದ ಅದನ್ನೇ 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಿಂದ ಕೈಗೆತ್ತಿಕೊಂಡಿತು. ಇಂದು ನಾಸಿಕದ ಸಿವಿಲ್ ಆಸ್ಪತ್ರೆಯ ಬಾಗಿಲಿಗೆ ಹೋಗುವ ರೋಗಿಗೆ ದೊರೆಯುವ ಸೇವೆಯ ಬೇರು ಹೀಗೆ ಬಳ್ಳಾರಿಯಲ್ಲಿದೆ. ಆದರೆ ದೇಶಕ್ಕೆಲ್ಲ ಹರಡುವಾಗ ಅದರಲ್ಲಿ ಉಳಿದುಕೊಂಡದ್ದು ಬಹುಮಟ್ಟಿಗೆ ಮಾತ್ರೆಯ ವಿತರಣೆ ಎಂಬುದು ನನ್ನ ಅಭಿಪ್ರಾಯ; ತಿಂಗಳಿಗೊಮ್ಮೆ ಬಂದು ಮಾತ್ರೆ ಪಡೆದು ಸಹಿ ಹಾಕಿ ಹೋಗುವವನನ್ನು ‘ಕೆಲಸ ಹೇಗಿದೆ’ ಎಂದು ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯುಂಟು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಇಲ್ಲ. ಇಂಥ ಜನಸಂದಣಿಯ ಮುಂದೆ ಕುಳಿತ ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಅವರ ಪಕ್ಕದಲ್ಲಿ ಕುಳ್ಳಿರಿಸಬೇಕಾದ ಬೇರೆ ಜನರನ್ನು ನಾವು ಕುಳ್ಳಿರಿಸಿಲ್ಲ.

ಹಾಗೆ ಕುಳ್ಳಿರಿಸುವುದರ ಫಲವನ್ನು ನೋಡಬೇಕಾದರೆ ನಿಮ್ಹಾನ್ಸಿನ ಮನೋವೈದ್ಯಕೀಯ ಪುನರ್ವಸತಿ ವಿಭಾಗಕ್ಕೆ ಹೋಗಬೇಕು. ಬ್ರೆಡ್ಡು ಬಿಸ್ಕತ್ತು ತಯಾರಿಕೆ, ಹೊಲಿಗೆ, ನೇಯ್ಗೆ, ಮುದ್ರಣ, ತೋಟಗಾರಿಕೆ ಮೊದಲಾದ ಕಸುಬುಗಳಲ್ಲಿ ಅಲ್ಲಿ ಚೇತರಿಸಿಕೊಳ್ಳುತ್ತಿರುವವರಿಗೆ ತರಬೇತಿಯುಂಟು. ಅಂಥವರೇ ಕೆಲಸ ಮಾಡುವ ಒಂದು ಕೆಫೆಯೂ ಆವರಣದಲ್ಲಿದೆ. ಹೊರರೋಗಿಗಳ ಸಾಲಿನಿಂದ ಬಂದವನಿಗೆ ಚಹಾ ಕೊಟ್ಟು ಚಿಲ್ಲರೆ ಎಣಿಸುವವನು ಒಂದಾನೊಂದು ಕಾಲದಲ್ಲಿ ಅದೇ ಸಾಲಿನಲ್ಲಿ ನಿಂತಿದ್ದವನಾಗಿರಬಹುದು. ರೋಗವು ಮೊದಲ ಸಲ ಬಂದು ಕಂಗೆಟ್ಟು ಕುಳಿತ ಸಂಸಾರಕ್ಕೆ ಆ ದೃಶ್ಯವು ಕೊಡುವ ಭರವಸೆಯನ್ನು ಯಾವ ಪ್ರಮಾಣಪತ್ರವೂ ಕೊಡಲಾರದು.

ಈ ಭರವಸೆಯನ್ನು ಬಹುಕಾಲ ಕಾಣದೆ ಹೋದವರು ದೊಡ್ಡ ದೊಡ್ಡ ಮನೋರುಗ್ಣಾಲಯಗಳೊಳಗಿನ ದೀರ್ಘನಿವಾಸಿಗಳು. ಮಹಾರಾಷ್ಟ್ರದಲ್ಲಿ ಸರ್ಕಾರದ ಪ್ರಾದೇಶಿಕ ಮನೋರುಗ್ಣಾಲಯಗಳು ಠಾಣೆ, ಪುಣೆಯ ಯೆರವಡಾ, ರತ್ನಾಗಿರಿ, ನಾಗಪುರ ಈ ನಾಲ್ಕು ಕಡೆಗಳಲ್ಲಿವೆ. ಹಳೆಯ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡದಲ್ಲಿಯೂ ಇಂಥದೊಂದು ಇತ್ತು. ನಾಸಿಕದವನಾಗಲಿ ಛತ್ರಪತಿ ಸಂಭಾಜಿನಗರದವನಾಗಲಿ, ಊರಿನ ಸಿವಿಲ್ಲಿನಲ್ಲಿಯೋ ‘ಘಾಟಿ’ ಎಂದು ಜನ ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೋ ತೀರದ ದೀರ್ಘ ಚಿಕಿತ್ಸೆಗೆಂದು ಅಲ್ಲಿಗೆ ಹೋದರೆ, ಮನೆಯವರು ನೋಡಿ ಹೋಗುವುದು ವರ್ಷಕ್ಕೊಮ್ಮೆಯಾಗುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಗುಣವಾದವನಿಗೆ ಹೋಗಲು ಮನೆಯಿರುವುದಿಲ್ಲ. ಹೀಗೆ ಗುಣವಾಗಿಯೂ ಉಳಿದುಹೋದವರನ್ನು ಭಿಕ್ಷುಕರ ಗೃಹಗಳಿಗೂ ವೃದ್ಧಾಶ್ರಮಗಳಿಗೂ ಸಾಗಿಸುತ್ತಿದ್ದ ಪದ್ಧತಿಯನ್ನು ನಿಲ್ಲಿಸುವಂತೆ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಹೇಳಬೇಕಾಯಿತು. ಚೆನ್ನೈಯ ಬ್ಯಾನಿಯನ್ ಸಂಸ್ಥೆಯು ತೋರಿಸಿಕೊಟ್ಟ ದಾರಿ ಬೇರೆ: ಸಾಮಾನ್ಯ ಬೀದಿಯೊಂದರಲ್ಲಿ ಬಾಡಿಗೆಯ ಮನೆಯನ್ನು ಹಿಡಿದು, ನಾಲ್ಕೈದು ಜನ ಒಂದು ಸಂಸಾರದಂತೆ ಬಾಳುವುದು. ಇಂದು ಏನು ಅಡಿಗೆ, ಬಾಗಿಲಿಗೆ ಯಾವ ಬಣ್ಣ, ಸಂಜೆ ಯಾರು ಸಂತೆಗೆ ಹೋಗುವುದು ಎಂಬುದನ್ನು, ಹತ್ತು ಇಪ್ಪತ್ತು ವರ್ಷ ಗಂಟೆ ಬಾರಿಸಿದಾಗ ಬಂದು ಉಂಡವರು ಮೊದಲ ಬಾರಿಗೆ ತಾವೇ ನಿಶ್ಚಯಿಸುತ್ತಾರೆ.

2017ರಲ್ಲಿ ಅಂಗೀಕೃತವಾಗಿ 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣೆ ಅಧಿನಿಯಮವು ಈ ವಿಷಯದಲ್ಲಿ ಅತಿ ಮುಖ್ಯವಾದುದು. ಮನೆಯವರು ಒಲ್ಲೆವೆಂದರು ಎಂಬ ಕಾರಣದಿಂದಲೋ, ಊರಿನಲ್ಲಿ ವ್ಯವಸ್ಥೆಯಿಲ್ಲವೆಂಬ ಕಾರಣದಿಂದಲೋ ಯಾರನ್ನೂ ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳಕೂಡದೆಂದೂ, ಸಮಾಜದ ನಡುವೆ ಬಾಳುವುದು ಅವರ ಹಕ್ಕೆಂದೂ ಅದರ 19ನೆಯ ವಿಧಿಯು ಹೇಳುತ್ತದೆ. ಅದಕ್ಕಿಂತಲೂ ಹೆಚ್ಚಾಗಿ ಸಾಮಾನ್ಯರು ತಿಳಿದಿರಬೇಕಾದುದು 5ನೆಯ ವಿಧಿ. ಮನಸ್ಸು ಸ್ವಸ್ಥವಾಗಿರುವಾಗ ವಯಸ್ಕರಾದ ಯಾರೇ ಆದರೂ, ಮುಂದೆ ತಾನು ನಿರ್ಧಾರ ಮಾಡಲಾರದ ಸ್ಥಿತಿಗೆ ಬಂದರೆ ತನಗೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬರೆದಿಡಬಹುದು. 14ನೆಯ ವಿಧಿಯಂತೆ ತನ್ನ ಪರವಾಗಿ ಮಾತನಾಡತಕ್ಕವರು ಯಾರೆಂಬುದನ್ನೂ ತಾನೇ ಹೆಸರಿಸಬಹುದು. ನಮ್ಮ ಟರ್ನರನು ‘ಕೈ ನಡುಗಿಸಿದ ಇಂಥ ಔಷಧ ನನಗೆ ಬೇಡ, ಬೇರೆಯದನ್ನು ಕೊಡಿ, ನನ್ನ ಪರವಾಗಿ ನನ್ನ ಹೆಂಡತಿ ಮಾತನಾಡಲಿ’ ಎಂದು ಬರೆದಿಟ್ಟರೆ, ವೈದ್ಯರು ಅದನ್ನು ಗೌರವಿಸತಕ್ಕದ್ದು. ತುರ್ತು ಚಿಕಿತ್ಸೆಯ ಸಂದರ್ಭಕ್ಕೆ ಈ ಬರೆಹವು ಅನ್ವಯಿಸದು. ಹಾಗೆ ಹೆಸರಿಸಿದ ಪ್ರತಿನಿಧಿಯು ಮನೆಯ ಹಿರಿಯನೇ ಆಗಬೇಕೆಂಬ ನಿಯಮವಿಲ್ಲದಿರುವುದನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ನಮ್ಮಲ್ಲಿ ಕುಟುಂಬವೇ ರೋಗಿಗೆ ಆಸರೆ ಎಂಬುದು ನಿಜ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ರೋಗಿಗಳೊಡನೆ ಮನೆಯವರನ್ನೂ ಆಸ್ಪತ್ರೆಯ ಅಂಗಳದ ಡೇರೆಗಳಲ್ಲಿ ಇರಿಸಿಕೊಂಡು ಆ ಆಸರೆಯ ಬಲವನ್ನು ದೇಶಕ್ಕೆ ತೋರಿಸಿಕೊಟ್ಟರು. ಆದರೆ ಆಸ್ತಿಗಾಗಿ, ಮದುವೆಯ ಬಿಡುಗಡೆಗಾಗಿ, ಬರಿಯ ಲಜ್ಜೆಗಾಗಿ ತಮ್ಮವರನ್ನೇ ಕಟ್ಟಿಹಾಕಿದ ಕುಟುಂಬಗಳೂ ಉಂಟು. ಕಾನೂನು ಇಬ್ಬಗೆಯವರನ್ನೂ ಕಂಡಿದೆ.

ಪೇಠದ ಮಾದರಿಯನ್ನು ಹೊಗಳಿದ ನಾನು ಅದರ ಬಗ್ಗೆ ಒಂದು ಕಳವಳವನ್ನೂ ಹೇಳದೆ ಬಿಡಲಾರೆ. ಊರಿನ ಹೆಂಗಸರು ತಮ್ಮ ಕೂಲಿಯನ್ನೂ ಅಡಿಗೆಯನ್ನೂ ಮುಗಿಸಿಕೊಂಡು ಮಾಡತಕ್ಕ ಇಂಥ ಸೇವೆಯು, ಅನುದಾನದ ಅವಧಿ ಮುಗಿದೊಡನೆ ಕೇವಲ ಅವರ ಒಳ್ಳೆಯತನದ ಮೇಲೆ ನಿಲ್ಲಬೇಕಾಗುತ್ತದೆ. ಸರ್ಕಾರವು ನೆರೆಯವರ ಕನಿಕರವನ್ನು ತೋರಿಸಿ ತನ್ನ ವೈದ್ಯರ ಹುದ್ದೆಗಳನ್ನು ಖಾಲಿ ಬಿಡಬಾರದು. ಮಾತನಾಡಿಸಿದ ಚಾಂಪಿಯನ್ನಳು ‘ಇದು ನನ್ನಿಂದಾಗದು, ದೊಡ್ಡ ಆಸ್ಪತ್ರೆಗೆ ಹೋಗಿ’ ಎಂದು ಕಳುಹಿಸಿದಾಗ, ಆ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇರಬೇಕು, ಕಪಾಟಿನಲ್ಲಿ ಮಾತ್ರೆಯೂ ಇರಬೇಕು.

ಭಾಷೆ ಬಾರದ ಊರಿನಲ್ಲಿರುವವರಿಗೆ ಒಂದು ಮಾತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ, ನಿಮ್ಹಾನ್ಸ್ ಮೇಲ್ವಿಚಾರಣೆ ನೋಡಿಕೊಳ್ಳುವ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅದು ನಡೆಯುವ ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಅಲ್ಲಿ ಮಾತನಾಡುವಾಗ ದನಿಗಳನ್ನೂ ನಿದ್ರೆಯನ್ನೂ ಕುರಿತು ಮಾತ್ರ ಹೇಳಿ ನಿಲ್ಲಿಸದೆ, ಮಾಡುವ ಕೆಲಸವನ್ನೂ ಪಾಳಿಯ ಹೊತ್ತನ್ನೂ ಮಾತ್ರೆಯಿಂದಾದ ತೊಂದರೆಯನ್ನೂ ಸಹ ಹೇಳಬೇಕು. ಮುಂದೆ ವೈದ್ಯರನ್ನು ಕಾಣಲು ಹೋಗುವಾಗ ಅದನ್ನೇ ಒಂದು ಚೀಟಿಯಲ್ಲಿ, ಬಲ್ಲವರಿಂದ ಮರಾಠಿಯಲ್ಲಿ ಬರೆಯಿಸಿಕೊಂಡು ಹೋಗಬೇಕು.